ಹಾಸಿಗೆ ಇದ್ದಷ್ಟು ಕರೆಂಟು

ಮೋಸುಲ್ ಪಟ್ಟಣದಲ್ಲಿ ಹೊಳೆಯ ಎಡದಂಡೆಯ ನಮ್ಮ ಓಣಿಯಲ್ಲಿ ಮದುಮಗಳ ಸಾಮಾನು ಬಂದಿಳಿದರೆ ಅದನ್ನು ಮೊದಲು ನೋಡುವುದು ಅತ್ತೆಯಲ್ಲ, ಜನರೇಟರ್ ಧನ್ನೂನ್. ಹಾಸಿಗೆ, ಕನ್ನಡಿ, ರತ್ನಗಂಬಳಿ ನೇರ ಒಳಗೆ ಹೋಗುತ್ತವೆ. ಫ್ರಿಜ್ಜು, ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಹಂಡೆ ಮಾತ್ರ ಹೊಸ್ತಿಲಾಚೆ ನಿಂತು ಅವನ ದಾರಿ ಕಾಯುತ್ತವೆ. ಅವನು ಬಂದು, ಕನ್ನಡಕವನ್ನು ಹಣೆಗೇರಿಸಿ, ಒಂದೊಂದನ್ನೂ ಬೋರಲು ಹಾಕಿ, ಬೆನ್ನಿಗಂಟಿದ ತಗಡಿನ ಮೇಲಿನ ಅಂಕಿ ಓದಿ ತೀರ್ಪು ಕೊಡುತ್ತಾನೆ.

"ಇದು ಒಂದು ಆಂಪಿಯರ್, ಒಳಗೆ ಹೋಗ್ಲಿ. ಇದು ಒಂಬತ್ತು, ಸರ್ಕಾರಿ ಕರೆಂಟ್ ಇದ್ದಾಗ ಮಾತ್ರ. ಇದೇನು, ಕೂದಲು ಒಣಗಿಸೋದಾ? ತಾಯಿ, ನಮ್ಮೂರ ಬಿಸಿಲಿಗೆ ಇಟ್ಟಿಗೆನೇ ಒಣಗುತ್ತೆ, ನಿನ್ನ ಕೂದಲು ಒಣಗಲ್ವಾ?"

ಮದುಮಗಳು ಮುಸುಕಿನ ಮರೆಯಲ್ಲಿ ನಗುತ್ತಾಳೆ, ಅತ್ತೆ ತಲೆಯಾಡಿಸುತ್ತಾಳೆ. ಅವನ ಮಾತು ಮೀರಿ ಹಂಡೆ ಹಚ್ಚಿದ ಮನೆ ಕತ್ತಲಾಗಿದ್ದನ್ನು ಎಲ್ಲರೂ ಕಂಡಿದ್ದಾರೆ.

ಸರ್ಕಾರಿ ಕರೆಂಟು ನಮ್ಮಲ್ಲಿ ಅಳಿಯನ ಹಾಗೆ, ತನಗೆ ಮನಸ್ಸು ಬಂದಾಗ ಬರುತ್ತದೆ, ಹೇಳದೆ ಹೋಗುತ್ತದೆ. ಉಳಿದ ಹೊತ್ತೆಲ್ಲ ಓಣಿಯ ಮೂಲೆಯ ತಗಡಿನ ಕೊಟ್ಟಿಗೆಯಲ್ಲಿ ಹೊಗೆ ಉಗುಳುವ ಜನರೇಟರೇ ಗತಿ. ಒಂದೊಂದು ಮನೆಯೂ ಇಷ್ಟಿಷ್ಟು ಆಂಪಿಯರ್ ಎಂದು ಪಾಲು ಹಿಡಿದಿರುತ್ತದೆ. ಪಾಲು ಮೀರಿ ಎಳೆದರೆ ಕೊಟ್ಟಿಗೆಯ ಹಲಗೆಯ ಮೇಲೆ ಆ ಮನೆಯ ಬ್ರೇಕರ್ ಟಪ್ಪೆಂದು ಬೀಳುತ್ತದೆ. ಬಿದ್ದದ್ದನ್ನು ಎತ್ತುವವನು ಧನ್ನೂನ್, ಎತ್ತುವ ಮುಂಚೆ ಬೈಯುವವನೂ ಅವನೇ. ಯಂತ್ರದ ಒಡೆಯ ಗಾನಿಮ್ ದೂರದ ಬಡಾವಣೆಯಲ್ಲಿ ತಣ್ಣಗಿದ್ದಾನೆ. ಅವನು ಫೋನಿನಲ್ಲಿ "ಇನ್ನೂ ಹೊರೆ ಹೇರ್ಬೇಡ" ಅನ್ನುತ್ತಾನೆ, ಓಣಿಯವರು ಬಾಗಿಲಿಗೆ ಬಂದು "ಇನ್ನೊಂದಿಷ್ಟು ಕೊಡು" ಅನ್ನುತ್ತಾರೆ. ಅಡಕತ್ತರಿಯಲ್ಲಿ ಸಿಕ್ಕ ಅಡಕೆ ಎನ್ನುವ ಮಾತು ಇಂಥವನನ್ನು ನೋಡಿಯೇ ಹುಟ್ಟಿರಬೇಕು.

ಮೋಸುಲಿನವರ ಕೈ ಬಿಗಿ ಎಂದು ಬಾಗ್ದಾದಿನವರು ಆಡಿಕೊಂಡು ನಗುತ್ತಾರೆ. ನಗಲಿ. ಧನ್ನೂನನ ಬಿಗಿ ದುಡ್ಡಿನದಲ್ಲ. ಮನೆಗೆ ಬಂದವರಿಗೆ ಅವನು ಮಾಂಸ ತುಂಬಿದ ಹೆಂಚಿನಗಲದ ಕುಬ್ಬಾವನ್ನು ಇಡಿಯಾಗಿಯೇ ಬಡಿಸುತ್ತಾನೆ. ಬಿಗಿ ಏನಿದ್ದರೂ ಆಂಪಿಯರಿನಲ್ಲಿ. ಮದುವೆಯಾದ ಹೊಸತರಲ್ಲಿ, ಹೊಳೆಯಾಚೆಯ ಹಳೇಪೇಟೆಯಲ್ಲಿ, ಜನರೇಟರ್ ಪಕ್ಕ ಕುರ್ಚಿ ಹಾಕಿ ಕೂತವನು ಇವತ್ತಿಗೂ ಎದ್ದಿಲ್ಲ. ಯುದ್ಧದಲ್ಲಿ ಆ ಓಣಿ ಬಿತ್ತು, ಮನೆ ಬಿತ್ತು, ಜನರೇಟರೂ ಬಿತ್ತು. ಹೆಂಡತಿ ಮಗಳನ್ನು ಕಟ್ಟಿಕೊಂಡು ಹೊಳೆ ದಾಟಿ ಬಂದವನು ಬಾಡಿಗೆ ಮನೆ ಹಿಡಿದ, ಇನ್ನೊಂದು ಜನರೇಟರ್ ಪಕ್ಕ ಅಂಥದೇ ಕುರ್ಚಿ ಹಾಕಿದ. ಶುಕ್ರವಾರವೂ ಅವನ ಊಟ ಡಬ್ಬಿಯಲ್ಲೇ ಬರುತ್ತದೆ. ಅಲ್ಲೂ ಇಲ್ಲೂ ಜನಕ್ಕೆ ಅವನು ಹೇಳುತ್ತ ಬಂದದ್ದು ಒಂದೇ ಗಾದೆ: "ಹಾಸಿಗೆ ಇದ್ದಷ್ಟು ಕಾಲು ಚಾಚಿ."

ಜನರೇಟರ್ ನಡೆಸುವವನ ಮನೆಗೆ ಲೆಕ್ಕ ಇರುವುದಿಲ್ಲ ಎಂದು ಊರೆಲ್ಲ ನಂಬಿದೆ. ಊರಿನ ನಂಬಿಕೆ ಬಹುಪಾಲು ನಿಜವೂ ಹೌದು. ಧನ್ನೂನ್ ಮಾತ್ರ ತನ್ನ ಮನೆಗೆ ನಾಲ್ಕೇ ಆಂಪಿಯರ್ ಹಿಡಿದಿದ್ದ. ಆ ಬ್ರೇಕರನ್ನು ಹಲಗೆಯ ಮುಂಭಾಗದಲ್ಲಿ, ಯಾರು ಬಂದರೂ ಮೊದಲು ಕಣ್ಣಿಗೆ ಬೀಳುವ ಹಾಗೆ ಕೂರಿಸಿದ್ದ. ಎದುರುಮನೆಯ ಉಮ್ ಹಾರಿಸ್, ಅಂದರೆ ಹಾರಿಸನ ತಾಯಿ, ಲೋಕದಲ್ಲಿ ಯಾರನ್ನೂ ನಂಬದ ಹೆಂಗಸು, ಆಗೀಗ ಸೊಪ್ಪು ತರುವ ನೆಪದಲ್ಲಿ ಬಂದು ಇಣುಕಿ ನೋಡಿ, "ಇನ್ನೂ ನಾಲ್ಕೇನಾ?" ಎಂದು ಕೇಳಿ ಹೋಗುತ್ತಿದ್ದಳು. ಅವಳ ಆ ನಿರಾಸೆಯ ಮುಖ ನೋಡುವುದು ಧನ್ನೂನನಿಗೆ ಒಂದು ಸುಖ. ಅವನಿಗೆ ಆಸ್ತಿಯಿಲ್ಲ, ಮನೆಯಿಲ್ಲ. ಇದ್ದದ್ದು ಈ ಹೆಸರು, ಮತ್ತೆ ಮಗಳು ರಫಲ್.

ರಫಲ್ ವಿಶ್ವವಿದ್ಯಾಲಯದಲ್ಲಿ ಮನೆ ಕಟ್ಟುವ ವಿದ್ಯೆ ಓದುತ್ತಿದ್ದಳು, ಕೊನೆಯ ವರ್ಷ. ಕೊನೆಯ ವರ್ಷದವರು ಒಂದು ದೊಡ್ಡ ಕೆಲಸವನ್ನು ಮಾಡಿ ತೀರ್ಪುಗಾರರ ಮುಂದೆ ಇಡಬೇಕು. ಅವಳು ಆರಿಸಿಕೊಂಡದ್ದು ಬಿದ್ದುಹೋದ ತಮ್ಮದೇ ಓಣಿಯನ್ನು. ಅಂಥ ಇಕ್ಕಟ್ಟಿನ ಓಣಿಯಲ್ಲಿ, ಗೋಡೆಗೆ ಗೋಡೆ ಒತ್ತಿಕೊಂಡ ಮನೆಗಳಲ್ಲಿ, ಹಿಂದಿನವರು ನಡುವೆ ಒಂದು ಅಂಗಳ ಬಿಟ್ಟು ಬೆಳಕನ್ನು ಹೇಗೆ ಇಳಿಸಿಕೊಂಡರು, ಮತ್ತೆ ಕಟ್ಟುವುದಾದರೆ ಹೇಗೆ ಇಳಿಸಬೇಕು ಎನ್ನುವುದು ಅವಳ ವಿಷಯ. ಕಂಪ್ಯೂಟರಿನಲ್ಲಿ ಮನೆಯನ್ನು ಕಲ್ಲು ಕಲ್ಲಾಗಿ ಎಬ್ಬಿಸಿದ್ದಳು. ನೀಲಿ ಹಾಲುಗಲ್ಲಿನ ಕಂಬಗಳು, ನೆಲಮಾಳಿಗೆಯ ಮೆಟ್ಟಿಲು, ಹುಳಿಗಿತ್ತಳೆಯ ಮರ, ಎಲ್ಲ ಬಂದಿತ್ತು. ಇನ್ನು ಬರಬೇಕಾದದ್ದು ಬಿಸಿಲು. ಹೊತ್ತು ಹುಟ್ಟಿದಲ್ಲಿಂದ ಮುಳುಗುವತನಕ ಅಂಗಳದಲ್ಲಿ ಬಿಸಿಲು ಸರಿಯುವುದನ್ನು ಯಂತ್ರವೇ ಲೆಕ್ಕ ಹಾಕಿ ಸಿನಿಮಾದ ಹಾಗೆ ತೋರಿಸಬೇಕು. ಅದೇ ಅವಳ ಕೆಲಸದ ಜೀವ. ಅದಿಲ್ಲದೆ ಹೋದರೆ ವರ್ಷವೇ ಹೋಗುತ್ತದೆ ಎಂದು ಮೇಷ್ಟ್ರು ಬಾಯಿಬಿಟ್ಟು ಹೇಳಿದ್ದರು.

ಮನೆ ಬಿದ್ದ ಮೇಲೆ ಧನ್ನೂನ್ ಆ ಕಡೆ ಕಾಲಿಟ್ಟವನಲ್ಲ. ಸೇತುವೆ ದಾಟುವ ಕೆಲಸ ಬಿದ್ದರೆ ಹೆಂಡತಿ ಬಾಸಿಮಾಳನ್ನು ಕಳಿಸುತ್ತಿದ್ದ. ಆದರೆ ಈ ಸಿನಿಮಾದ ವಿಷಯ ಕೇಳಿದ ಮೇಲೆ ಅವನಿಗೆ ಒಂದು ಆಸೆ ಹುಟ್ಟಿತು. ಕೊಟ್ಟಿಗೆಯಿಂದ ಬಂದು ಕೈ ತೊಳೆಯುವಾಗಲೆಲ್ಲ ಕೇಳುತ್ತಿದ್ದ:

"ಅಂಗಳ ಆಯ್ತೇನಮ್ಮ?"

"ಬಿಸಿಲು ಬರಬೇಕು ಅಪ್ಪ, ಆಗ ಕರೀತೀನಿ. ಮೊದಲು ನಿಮಗೇ ತೋರಿಸ್ತೀನಿ."

ಇಷ್ಟರಲ್ಲಿ ಒಂದು ದಿನ ಸರ್ಕಾರಿ ಕರೆಂಟು ಒದ್ದುಕೊಂಡು ಬಂತು, ಕಂಪ್ಯೂಟರಿನ ಪವರ್ ಸಪ್ಲೈ ಸುಟ್ಟುಹೋಯಿತು. ಪವರ್ ಸಪ್ಲೈ ಎಂದರೆ ಗೋಡೆಯ ಕರೆಂಟನ್ನು ತಗೊಂಡು ಯಂತ್ರದ ಒಳಗಿನವಕ್ಕೆಲ್ಲ ಹಂಚುವ ಡಬ್ಬ. ಪುಣ್ಯಕ್ಕೆ ಬೇರೇನೂ ಹೋಗಲಿಲ್ಲ. ಬಿಸಿಲಿನ ಲೆಕ್ಕ ಹಾಕುವುದಕ್ಕೆಂದೇ ರಫಲಳ ದೊಡ್ಡಪ್ಪನ ಮಗಳು ಓದು ಮುಗಿಸಿ ಕೊಟ್ಟುಹೋಗಿದ್ದ ಗ್ರಾಫಿಕ್ಸ್ ಕಾರ್ಡು, ಅಂಗೈಗಿಂತ ದೊಡ್ಡದು, ಎರಡು ಫ್ಯಾನಿನದು, ಉಳಿದುಕೊಂಡಿತು. ಹೊಸ ಡಬ್ಬ ತರಲು ಅಪ್ಪ ಮಗಳು ವಿಶ್ವವಿದ್ಯಾಲಯದ ಎದುರಿನ ಅಂಗಡಿ ಸಾಲಿಗೆ ಹೋದರು.

ಅಂಗಡಿಯ ಸಫ್ವಾನ್ ಮಾತುಗಾರ. ಗಡ್ಡ ನೆರೆತವರನ್ನೆಲ್ಲ ಮೆಕ್ಕಾಕ್ಕೆ ಹೋಗಲಿ ಬಿಡಲಿ ಹಾಜಿ ಎಂದೇ ಕರೆಯುತ್ತಾನೆ. ಕಾರ್ಡಿನ ಹೆಸರು ಕೇಳಿದವನೇ ಮೇಲಿನ ಸಾಲಿನಿಂದ ಒಂದು ಡಬ್ಬ ಇಳಿಸಿದ.

"ಏಳುನೂರೈವತ್ತು ವ್ಯಾಟ್. ಇದನ್ನ ಹಾಕಿ ಮರೆತುಬಿಡಿ ಹಾಜಿ. ಕಡಿಮೆ ಅಂದ್ರೂ ಆರುನೂರೈವತ್ತು ಬೇಕೇ ಬೇಕು ಈ ಕಾರ್ಡಿಗೆ."

ಧನ್ನೂನ್ ಕನ್ನಡಕವನ್ನು ಹಣೆಗೇರಿಸಿದ. ಡಬ್ಬವನ್ನು ಬೋರಲು ಹಾಕಿ ಅಂಕಿ ಓದಿದ. ತುಟಿ ಆಡಿಸಿ ಲೆಕ್ಕ ಹಾಕಿದ.

"ಅಂದ್ರೆ ಮೂರೂವರೆ ಆಂಪಿಯರ್. ನಮ್ಮ ಮನೆಗಿರೋದೇ ನಾಲ್ಕು. ಉಳಿದ ಅರ್ಧದಲ್ಲಿ ಫ್ರಿಜ್ ಓಡಿಸ್ಲಾ, ಹೆಂಡ್ತಿಗೆ ಗಾಳಿ ಹಾಕ್ಲಾ?"

"ಅದು ಅಷ್ಟು ತಗೊಳ್ಳಲ್ಲ ಹಾಜಿ. ಅಷ್ಟು ಕೊಡಬಲ್ಲೆ ಅಂತ ಬರ್ದಿರೋದು."

"ಇಸ್ತ್ರಿಪೆಟ್ಟಿಗೆ ಮೇಲೂ ಬರ್ದಿರುತ್ತೆ, ಅದು ಅಷ್ಟೂ ತಗೊಳ್ಳುತ್ತೆ. ಹಂಡೆ ಮೇಲೂ ಬರ್ದಿರುತ್ತೆ. ಇಪ್ಪತ್ತೈದು ವರ್ಷದಿಂದ ಬೋರಲು ಹಾಕಿ ಓದ್ತಿದೀನಿ ಕಣಪ್ಪ, ಬರ್ದಿದ್ದಕ್ಕಿಂತ ಕಡಿಮೆ ಎಳೆದ ಸಾಮಾನು ನಾನು ಕಂಡಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು."

ಸಫ್ವಾನ್ ನಕ್ಕ. "ಒಪ್ಪಿದೆ. ಆದ್ರೆ ಹಾಸಿಗೆ ದೊಡ್ಡದು ತಂದ್ರೆ ಕಾಲು ಬೆಳೆಯಲ್ಲ ಹಾಜಿ."

ಅಂಗಡಿಯಲ್ಲಿದ್ದ ಇನ್ನಿಬ್ಬರು ಗಿರಾಕಿಗಳೂ ನಕ್ಕರು. ಧನ್ನೂನನ ಕಿವಿ ಬಿಸಿಯಾಯಿತು. ವ್ಯಾಪಾರಿಯ ನಾಲಿಗೆ, ದೊಡ್ಡದನ್ನು ಮಾರುವುದೇ ಅದರ ಕಸುಬು ಅಂದುಕೊಂಡ. ಅದಕ್ಕಿಂತ ಹೆಚ್ಚಾಗಿ ಅವನಿಗೆ ಕಂಡದ್ದು ಓಣಿ. ಊರಿಗೆಲ್ಲ ಆರಿಸಿ ಆರಿಸಿ ಎನ್ನುವ ಧನ್ನೂನ್ ತಾನು ಏಳುನೂರೈವತ್ತರ ಡಬ್ಬ ಹೊತ್ತುಕೊಂಡು ಉಮ್ ಹಾರಿಸಳ ಬಾಗಿಲ ಮುಂದೆ ಹಾದುಹೋಗುವುದು.

ರಫಲ್ ಅವನ ತೋಳು ಮುಟ್ಟಿ ಮೆಲ್ಲಗೆ, "ಅಪ್ಪ, ಅವರು ಹೇಳಿದ ಹಾಗೇ ಇರೋದು," ಎಂದಳು.

ಅವನು ತಿರುಗಿ ಮಗಳನ್ನು ನೋಡಿದ. ಸಿಟ್ಟಿನಿಂದಲ್ಲ. ನೀನೂನಾ ಎನ್ನುವ ಹಾಗೆ ನೋಡಿದ. ಅವಳ ಕಣ್ಣು ಕೆಳಗಾಯಿತು. ಸಫ್ವಾನ್ ಇಬ್ಬರ ಮುಖವನ್ನೂ ನೋಡಿ, ಕೈಚೆಲ್ಲಿ, ಕೆಳಗಿನ ಸಾಲಿನಿಂದ ಇನ್ನೊಂದು ಡಬ್ಬ ತೆಗೆದ. ಮುನ್ನೂರೈವತ್ತು. ಎತ್ತಿದರೆ ಬಿಸ್ಕತ್ತಿನ ಡಬ್ಬದಷ್ಟೇ ಭಾರ.

"ಇದು ಸರಿ," ಎಂದ ಧನ್ನೂನ್.

ಅದು ಸರಿಯಾಗಿಯೇ ನಡೆಯಿತು, ಎರಡು ದಿನ. ಗೆರೆ ಎಳೆಯುವುದಕ್ಕೆ, ಕಲ್ಲು ಜೋಡಿಸುವುದಕ್ಕೆ ಕಂಪ್ಯೂಟರು ಏನೂ ತಕರಾರು ತೆಗೆಯಲಿಲ್ಲ. ಧನ್ನೂನ್ ಸಂಜೆ ಬಂದು ಡಬ್ಬದ ಬೆನ್ನಿಗೆ ಕೈ ಇಟ್ಟು, "ನೋಡಿದ್ಯಾ, ಬೆಚ್ಚಗೂ ಆಗಿಲ್ಲ," ಎಂದು ಬೀಗಿದ. ಮೂರನೇ ದಿನ ರಫಲ್ ಬಿಸಿಲಿನ ಲೆಕ್ಕಕ್ಕೆ ಕೂರಿಸಿದಳು. ಕಾರ್ಡಿನ ಎರಡು ಫ್ಯಾನೂ ಭರ್ರೆಂದವು. ಪರದೆಯ ಮೇಲೆ ಪೂರ್ವದ ಗೋಡೆಯ ಅಂಚು ಕೆಂಪಾಗಿ ಹೊಳೆಯಿತು, ಬೆಳಕು ಒಂದು ಗೇಣು ಕೆಳಗಿಳಿಯಿತು. ಆಮೇಲೆ ಟಕ್ ಎಂದು ಎಲ್ಲ ಕಪ್ಪಾಯಿತು.

ದೀಪ ಉರಿಯುತ್ತಿತ್ತು. ಫ್ಯಾನು ತಿರುಗುತ್ತಿತ್ತು. ಕೊಟ್ಟಿಗೆಯಲ್ಲಿ ಮನೆಯ ಬ್ರೇಕರ್ ಬಿದ್ದಿರಲಿಲ್ಲ. ಸತ್ತದ್ದು ಕಂಪ್ಯೂಟರ್ ಒಂದೇ. ಬೇರೆ ಯಾರ ಮನೆಯಲ್ಲಾದರೂ ಆಗಿದ್ದರೆ ತಪ್ಪು ಡಬ್ಬದ್ದೇ ಎಂದು ಧನ್ನೂನ್ ಕೂಡಲೇ ಹಿಡಿಯುತ್ತಿದ್ದ. ತನ್ನ ಮನೆಯಾದ್ದರಿಂದ ಕಣ್ಣಿಗೆ ಪೊರೆ ಬಂತು. ಓಣಿಯವರೆಲ್ಲ ಕೂಲರ್ ಹಚ್ಚಿ ಎಳೆಯುತ್ತಾರೆ, ಅದಕ್ಕೆ ವೋಲ್ಟೇಜು ಕುಸಿಯುತ್ತದೆ, ಕುಸಿದಾಗ ಕಂಪ್ಯೂಟರು ನಿಲ್ಲುತ್ತದೆ ಎಂದು ತೀರ್ಮಾನ ಕೊಟ್ಟ.

ಮೊದಲು ಫ್ರಿಜ್ ನಿಲ್ಲಿಸಿದರು. ಟಕ್. ಫ್ಯಾನು ನಿಲ್ಲಿಸಿದರು. ಟಕ್. ಬಾಸಿಮಾ ಒದ್ದೆ ಬಟ್ಟೆಯನ್ನು ತಲೆಗೆ ಸುತ್ತಿಕೊಂಡು ಅಡುಗೆಮನೆಯ ನೆಲದ ಮೇಲೆ ಕೂತು, ಹುಳಿ ಬಂದ ಮೊಸರನ್ನು ಮೂಸಿ ನೋಡುತ್ತಾ ಗಂಡನಿಗೆ, "ಅಬು ರಫಲ್, ನನ್ನನ್ನೂ ಆರಿಸಿಬಿಡಿ, ಅರ್ಧ ಆಂಪಿಯರ್ ಉಳಿಯುತ್ತೆ," ಎಂದಳು.

ರಫಲ್ ಜಾಣೆ. ಯಂತ್ರ ಸಾಯುವ ಮುಂಚೆ ಎಷ್ಟು ಬಿಸಿಲು ಬರುತ್ತದೋ ಅಷ್ಟನ್ನು ಚೂರು ಚೂರಾಗಿ ಉಳಿಸಿಕೊಂಡು, ಮತ್ತೆ ಹಚ್ಚಿ, ಮತ್ತೊಂದು ಚೂರು ತೆಗೆದಳು. ಹೀಗೆ ಬೆಳಗಿನ ಬಿಸಿಲು ಬಂತು, ಗೋಡೆ ಇಳಿದು ಮರದ ತುದಿ ಮುಟ್ಟಿತು. ಅಲ್ಲಿಂದ ಮುಂದೆ ಡಬ್ಬ ದಿನದಿನಕ್ಕೆ ಸೋಲುತ್ತ ಹೋಯಿತು. ಹಚ್ಚಿದ ಕೂಡಲೇ ಟಕ್ ಅನ್ನತೊಡಗಿತು. ಗೆಳತಿಯರ ಯಂತ್ರಗಳೆಲ್ಲ ಅವರವರ ಕೆಲಸದಲ್ಲಿ ಮುಳುಗಿದ್ದವು, ಕಾಲೇಜಿನವು ಇವಳ ಬಿಸಿಲಿಗೆ ಸಾಲುತ್ತಿರಲಿಲ್ಲ. ಭಾನುವಾರ ತೀರ್ಪುಗಾರರು ಬರುವವರಿದ್ದರು. ಅವಳು ಮಾತು ಕಡಿಮೆ ಮಾಡಿದಳು, ಊಟ ಕಡಿಮೆ ಮಾಡಿದಳು. ಅಪ್ಪನನ್ನು ಮಾತ್ರ ಏನೂ ಅನ್ನಲಿಲ್ಲ.

ಅನ್ನದೇ ಇದ್ದದ್ದೇ ಅವನಿಗೆ ಕಷ್ಟವಾಯಿತು. ಗುರುವಾರ ಅವನು ಜೀವಮಾನದಲ್ಲಿ ಮಾಡದ ಕೆಲಸ ಮಾಡಿದ. ಹಲಗೆಯ ಮುಂಭಾಗದ ನಾಲ್ಕರ ಬ್ರೇಕರ್ ಕಿತ್ತು ಅಲ್ಲಿ ಆರರದ್ದನ್ನು ಕೂರಿಸಿದ. ಮನೆಯೊಳಗೆ ಮತ್ತೆ ಟಕ್. ಉಮ್ ಹಾರಿಸ್ ಮಾತ್ರ ಸೊಪ್ಪಿನ ನೆಪದಲ್ಲಿ ಶುಕ್ರವಾರವೇ ಬಂದಳು. ಬಂದವಳು ಹಲಗೆಯ ಮುಂದೆ ನಿಂತಳು, ನಿಂತೇ ಇದ್ದಳು.

"ಆರು," ಎಂದಳು.

"ಮಗಳ ಓದು, ಉಮ್ ಹಾರಿಸ್. ಭಾನುವಾರದ ತನಕ ಅಷ್ಟೇ."

"ನನಗ್ಯಾಕೆ ಹೇಳ್ತೀಯಪ್ಪ? ನನ್ನ ಗಂಡ ಉಸಿರು ಸಿಗದೆ ಒದ್ದಾಡ್ತಿದ್ದಾಗ ಇನ್ನೊಂದು ಆಂಪಿಯರ್ ಕೇಳ್ದೆ. ನೀನು ಹಾಸಿಗೆ ಇದ್ದಷ್ಟು ಕಾಲು ಚಾಚಿ ಅಂದೆ. ಚಾಚ್ಕೊಂಡೇ ಹೋದ ಪಾಪ."

ಅವಳು ಗಟ್ಟಿಯಾಗಿ ಹೇಳಲಿಲ್ಲ. ಗಟ್ಟಿಯಾಗಿ ಹೇಳಿದ್ದರೆ ಇವನೂ ಗಟ್ಟಿಯಾಗಿ ಉತ್ತರ ಕೊಡುತ್ತಿದ್ದ. ಸಂಜೆಯ ಹೊತ್ತಿಗೆ ಓಣಿಗೆಲ್ಲ ಸುದ್ದಿ ಮುಟ್ಟಿತ್ತು. ಮಾರನೆಯ ದಿನ ರೊಟ್ಟಿ ತರಲು ಹೋದರೆ ಒಲೆಯವನು, "ಬಾ ಆರು ಆಂಪಿಯರ್," ಎಂದ. ಹೆಸರು ಹೋಯಿತು, ಬಿಸಿಲು ಬರಲಿಲ್ಲ.

ಆ ಶನಿವಾರ ಮಧ್ಯಾಹ್ನ ಕಾಗೆಯೂ ಹಾರದಂಥ ಸೆಕೆ. ಧನ್ನೂನ್ ಕೊಟ್ಟಿಗೆಯಲ್ಲಿ ಕೂತು ವೋಲ್ಟೇಜಿನ ಮುಳ್ಳನ್ನೇ ನೋಡಿದ. ಅದು ನಿಜವಾಗಿಯೂ ಬಾಗಿತ್ತು, ಮನೆಮನೆಯ ಕೂಲರೂ ಓಡುತ್ತಿತ್ತು. ಇಷ್ಟು ದಿನ ತಾನು ಹೇಳಿದ್ದೇ ಸರಿ ಅನ್ನಿಸಿತು. ಸರಿ ಅನ್ನಿಸಿದ ಮೇಲೆ ಒಂದು ಯೋಚನೆ ಬಂತು, ಬಂದದ್ದು ಬಿಡಲಿಲ್ಲ. ಇಡೀ ಜನರೇಟರನ್ನು ಮಗಳಿಗೆ ಕೊಟ್ಟರೆ? ಒಂದು ಗಂಟೆ, ಮಧ್ಯಾಹ್ನದ ಬಿಸಿಲು ಮುಗಿಯುವತನಕ. ಬೈಯುವವರು ಹೇಗೂ ಬೈಯುತ್ತಿದ್ದಾರೆ.

ಮನೆಗೆ ಫೋನ್ ಮಾಡಿದ. "ಹಚ್ಚಮ್ಮ."

"ಅಪ್ಪ, ಸುಮ್ಮನೆ ಬಿಟ್ಟುಬಿಡಿ. ಆಗಲ್ಲ ಅದು."

"ಹಚ್ಚು ಅಂದೆನಲ್ಲ. ಇವತ್ತು ಬರುತ್ತೆ ನೋಡು."

ಜನರೇಟರ್ ನಡೆಸುವವರಿಗೆ ಮೊದಲ ದಿನ ಹೇಳಿಕೊಡುವ ಪಾಠ ಒಂದಿದೆ. ಲೈನುಗಳನ್ನು ಒಂದೊಂದಾಗಿ ಇಳಿಸಬೇಕು, ಒಂದು ಇಳಿಸಿದ ಮೇಲೆ ಎಂಜಿನ್ನಿನ ದನಿ ಸಮಕ್ಕೆ ಬರುವತನಕ ಕಾಯಬೇಕು. ಹೊರೆಯನ್ನು ಒಮ್ಮೆಗೇ ಇಳಿಸಿದರೆ ಕತ್ತೆ ಹೇಗೆ ನೆಗೆಯುತ್ತದೋ ಯಂತ್ರವೂ ಹಾಗೆ ನೆಗೆಯುತ್ತದೆ, ಅದರ ಜೊತೆಗೆ ವೋಲ್ಟೇಜೂ. ಧನ್ನೂನ್ ಈ ಪಾಠವನ್ನು ಎಷ್ಟೋ ಜನಕ್ಕೆ ಹೇಳಿಕೊಟ್ಟಿದ್ದ. ಆ ಮಧ್ಯಾಹ್ನ, ಯಾರಾದರೂ ಬಂದು ಕೈ ಹಿಡಿಯುವ ಮುಂಚೆ ಮುಗಿಸಿಬಿಡಬೇಕೆಂದು, ತನ್ನ ಮನೆಯ ಲೈನೊಂದನ್ನು ಬಿಟ್ಟು ಉಳಿದ ಹಿಡಿಗಳನ್ನೆಲ್ಲ ಎರಡು ಕೈಯಲ್ಲೂ ಸರಸರನೆ ಎಳೆದುಹಾಕಿದ.

ಎಂಜಿನ್ನು ಒಮ್ಮೆ ಅರಚಿತು. ವೋಲ್ಟೇಜಿನ ಮುಳ್ಳು ಅತ್ತಲಿನ ಕೊನೆಗೆ ಹೋಗಿ ಹೊಡೆದು ವಾಪಸು ಬಂದು ನಡುಗಿ ನಿಂತಿತು. ಓಣಿಯ ಕೂಲರುಗಳೆಲ್ಲ ಒಟ್ಟಿಗೆ ನಿಂತದ್ದರಿಂದ, ಅಷ್ಟು ದೊಡ್ಡ ಯಂತ್ರ ಪಕ್ಕದಲ್ಲಿ ಓಡುತ್ತಿದ್ದರೂ, ಅವನಿಗೆ ಎಲ್ಲ ನಿಶ್ಶಬ್ದವಾದ ಹಾಗೆ ಅನಿಸಿತು.

ಅವನು ಇನ್ನೊಂದು ಮುಳ್ಳನ್ನು ನೋಡಿದ, ಆಂಪಿಯರಿನದು. ಅದು ಸೊನ್ನೆಯ ಪಕ್ಕ ಮಲಗಿತ್ತು. ಯಂತ್ರದ ಎದೆಯ ಮೇಲೆ ತಗಡು, ತಗಡಿನ ಮೇಲೆ ಅಂಕಿ. ದಿನವೂ ಒರೆಸುವ ಅಂಕಿ ಅದು. ಇಡೀ ಓಣಿಗೆ ಸಾಕಾಗುವಷ್ಟು ಕೊಡಬಲ್ಲೆ ಎನ್ನುವ ಅಂಕಿ. ಈಗ ಒಂದೇ ಮನೆ ಕೇಳುತ್ತಿತ್ತು, ಯಂತ್ರ ಅಷ್ಟನ್ನೇ ಕೊಡುತ್ತಿತ್ತು. ಉಳಿದದ್ದನ್ನು ಆ ಮನೆಯ ಮೇಲೆ ಸುರಿಯುತ್ತಿರಲಿಲ್ಲ. ಕೊಡಬಲ್ಲೆ ಎಂದು ಬರೆದದ್ದು ಬೇರೆ, ತಗೊಳ್ಳುವುದು ಬೇರೆ. ಇಪ್ಪತ್ತೈದು ವರ್ಷ ಹಂಡೆ, ಇಸ್ತ್ರಿಪೆಟ್ಟಿಗೆಗಳನ್ನು ಬೋರಲು ಹಾಕಿ ಓದಿದವನು, ತಾನು ಒರಗಿ ಕೂತ ಯಂತ್ರದ ತಗಡನ್ನು ಒಮ್ಮೆಯೂ ಹಾಗೆ ಓದಿರಲಿಲ್ಲ. ಆ ಡಬ್ಬವೂ ಇದರ ಜಾತಿ, ಇಸ್ತ್ರಿಪೆಟ್ಟಿಗೆಯ ಜಾತಿಯಲ್ಲ.

ಹಾಸಿಗೆ ದೊಡ್ಡದು ತಂದರೆ ಕಾಲು ಬೆಳೆಯುವುದಿಲ್ಲ ಎಂದಿದ್ದ ಸಫ್ವಾನ್. ತಾನು ಮಗಳ ಕಾಲು ಮಡಿಸಿ ತೊಟ್ಟಿಲಲ್ಲಿ ತುರುಕಿದ್ದೆ ಎಂದು ಧನ್ನೂನನಿಗೆ ಆಗ ಹೊಳೆಯಿತು. ಹೊಳೆದ ಕೂಡಲೇ ವೋಲ್ಟೇಜಿನ ಮುಳ್ಳು ನೆಗೆದದ್ದೂ ನೆನಪಾಯಿತು. ಆಗ ಹಚ್ಚಿಕೊಂಡಿದ್ದ ಮನೆ ತನ್ನದೊಂದೇ.

ಹೊರಗೆ ಬಾಗಿಲುಗಳು ತೆರೆದುಕೊಳ್ಳುತ್ತಿದ್ದವು. ಮುಂದಾಳು ಉಮ್ ಹಾರಿಸ್.

"ಈಗೆಷ್ಟಪ್ಪ, ಎಲ್ಲಾನೂ ನಿಮ್ಮನೆಗೇನಾ?"

ಅವನು ಹಲಗೆಯ ಕಡೆ ತಿರುಗಿದ. ಹಿಡಿಗಳನ್ನು ಒಂದೊಂದಾಗಿ, ದನಿ ಸಮಕ್ಕೆ ಬರುವತನಕ ಕಾದು, ಪಾಠದಲ್ಲಿ ಹೇಳಿದ ಹಾಗೆಯೇ ಮೇಲೆತ್ತಿದ. ಆ ಹೊತ್ತಿನಲ್ಲಿ ಅದನ್ನು ಬಿಟ್ಟು ಬೇರೇನೂ ಅವನ ಕೈಯಲ್ಲಿರಲಿಲ್ಲ. ಆಮೇಲೆ ಅವರ ನಡುವೆಯೇ ತಲೆ ತಗ್ಗಿಸಿ ಮನೆಗೆ ನಡೆದ.

ಬಾಗಿಲಲ್ಲೇ ಸುಟ್ಟ ವಾಸನೆ ಬಂತು. ಕಿಟಕಿ ತೆರೆದಿತ್ತು, ಬಾಸಿಮಾ ತಟ್ಟೆಯಿಂದ ಹೊಗೆ ಬೀಸುತ್ತಿದ್ದಳು. ರಫಲ್ ಕಪ್ಪಾದ ಪರದೆಯ ಮುಂದೆ ಕುರ್ಚಿಯಲ್ಲಿ ಕೂತಿದ್ದಳು.

ಅವನು ಕಂಪ್ಯೂಟರನ್ನು ಎದೆಗವಚಿಕೊಂಡು ಸಫ್ವಾನನ ಅಂಗಡಿಗೆ ಓಡಿದ. ಸಫ್ವಾನ್ ಬಿಚ್ಚಿದ, ಮೂಸಿದ, ಏಳುನೂರೈವತ್ತರ ಡಬ್ಬವನ್ನೇ ತಂದು ಸಿಕ್ಕಿಸಿ ನೋಡಿದ. ಒಂದು ದೀಪವೂ ಹತ್ತಲಿಲ್ಲ. ಕಾರ್ಡನ್ನು ಬೇರೆ ಯಂತ್ರಕ್ಕೆ ಹಾಕಿದ, ಅಲ್ಲೂ ಅದು ಮಾತಾಡಲಿಲ್ಲ.

"ಅಗ್ಗದ ಡಬ್ಬ ಹೋಗುವಾಗ ಒಂದೇ ಹೋಗಲ್ಲ ಹಾಜಿ, ಕಾರ್ಡು, ಬೋರ್ಡು ಎಲ್ಲಾನೂ ಕರ್ಕೊಂಡು ಹೋಗುತ್ತೆ. ಒಳ್ಳೇದಾಗಿದ್ರೆ ತಾನು ಸತ್ತು ಉಳಿದವನ್ನ ಉಳಿಸ್ತಿತ್ತು." ನಗಿಸುವ ಮನುಷ್ಯ ಅಂದು ನಗಿಸಲು ನೋಡಲಿಲ್ಲ. ಸಣ್ಣ ಲೋಟದಲ್ಲಿ ಚಹಾ ತರಿಸಿಕೊಟ್ಟ. "ಗೆರೆಗಳೆಲ್ಲ ಡಿಸ್ಕಲ್ಲಿ ಹಾಗೇ ಇವೆ. ಉಳಿದ ಬಿಸಿಲು ಮಾತ್ರ ನಾಳೆಯೊಳಗೆ ಯಾರ ಕೈಲೂ ಆಗಲ್ಲ."

ಧನ್ನೂನ್ ಚಹಾ ಮುಟ್ಟಲಿಲ್ಲ. ಗಾಜಿನ ಕಪಾಟಿನ ಮೇಲೆ ಎರಡು ಡಬ್ಬಗಳೂ ಅಕ್ಕಪಕ್ಕ ಇದ್ದವು. ಅವನು ದೊಡ್ಡದನ್ನು ಒಮ್ಮೆ ಕೈಯಲ್ಲಿ ಎತ್ತಿ ನೋಡಿ ಕೆಳಗಿಟ್ಟ.

ಭಾನುವಾರ ಏನಾಯಿತೆಂದು ಮೊದಲೇ ಹೇಳಿಬಿಡುತ್ತೇನೆ. ತೀರ್ಪುಗಾರರು ಬೆಳಗಿನ ಬಿಸಿಲನ್ನು ನೋಡಿ ಮೆಚ್ಚಿದರು, ಮಿಕ್ಕದ್ದೆಲ್ಲಿ ಎಂದು ಕೇಳಿದರು. ಅದರ ಬದಲು ಅವಳು ಪೆನ್ಸಿಲಿನಲ್ಲಿ ಬರೆದದ್ದನ್ನು ತಿರುವಿ ಹಾಕಿ, ಮುಂದಿನ ವರ್ಷ ಬಾಮ್ಮ ಎಂದರು. ಅವಳ ವರ್ಷ ಹೋಯಿತು. ಆದರೆ ಧನ್ನೂನನನ್ನು ಇವತ್ತಿಗೂ ಹಿಂಡುವುದು ಭಾನುವಾರವಲ್ಲ, ಅದರ ಹಿಂದಿನ ಸಂಜೆ.

ಆ ಸಂಜೆ ಅವನು ಸತ್ತ ಯಂತ್ರವನ್ನು ಹೊತ್ತು ಮನೆಗೆ ಬಂದಾಗ ರಫಲ್ ನೆಲದ ಮೇಲೆ ದೊಡ್ಡ ಹಾಳೆ ಹರಡಿಕೊಂಡು, ಮೊಣಕಾಲೂರಿ, ಪೆನ್ಸಿಲಿನಲ್ಲಿ ಅಂಗಳ ಬರೆಯುತ್ತಿದ್ದಳು. ಅವನು ಯಂತ್ರವನ್ನು ಮೂಲೆಯಲ್ಲಿಟ್ಟು ಅವಳ ಪಕ್ಕ ಕುಕ್ಕರುಗಾಲಲ್ಲಿ ಕೂತ.

"ನಿನಗೆ ಮೊದಲೇ ಗೊತ್ತಿತ್ತಾ?"

"ಏನು ಅಪ್ಪ?"

"ಸಣ್ಣ ಡಬ್ಬ ಸಾಲಲ್ಲ ಅಂತ."

ಪೆನ್ಸಿಲ್ ನಿಲ್ಲಲಿಲ್ಲ. "ಗೊತ್ತಿತ್ತು."

"ಮತ್ತೆ ಹೇಳ್ಬೇಕಾಗಿತ್ತಲ್ಲಮ್ಮ."

"ಹೇಳ್ದೆ. ನೀವು ನನ್ನ ಕಡೆ ನೋಡಿದ್ರಿ." ಅವಳು ರಬ್ಬರಿನ ಪುಡಿಯನ್ನು ಊದಿದಳು. "ಅಲ್ಲಿ ಅಷ್ಟು ಜನ ನಗ್ತಿದ್ರು. ನಾನೂ ಅವರ ಜೊತೆ ಸೇರಿದ್ರೆ ನಿಮಗೆ ಯಾರಿದ್ರು?"

ಬೈದಿದ್ದರೆ ಧನ್ನೂನ್ ತಡೆದುಕೊಳ್ಳುತ್ತಿದ್ದ. ಓಣಿಯ ಬೈಗುಳ ತಿಂದು ಬೆಳೆದ ಕಿವಿ ಅವನದು. ಇದಕ್ಕೆ ಅವನ ಹತ್ತಿರ ಬ್ರೇಕರ್ ಇರಲಿಲ್ಲ. ಮಗಳ ಕೈಯನ್ನು ನೋಡುತ್ತ ಕೂತ. ಕಂಬ ಬಂತು, ಮೆಟ್ಟಿಲು ಬಂತು, ಮರ ಬಂತು. ಏಳು ವರ್ಷದಿಂದ ನೋಡಲು ಹೆದರಿದ ಮನೆ ಹಾಳೆಯ ಮೇಲೆ ಎದ್ದು ನಿಂತಿತು. ರಫಲ್ ಪೆನ್ಸಿಲನ್ನು ಅಡ್ಡ ಮಾಡಿ ಹಿಡಿದು, ನೆರಳು ತುಂಬಲು ಬಾಗಿದವಳು, ಹಾಗೆಯೇ ತಡೆದಳು.

"ಇನ್ನು ಮಧ್ಯಾಹ್ನದ್ದು. ಯಂತ್ರ ಹೇಳ್ತಿತ್ತು, ಈಗ ನೀವೇ ಹೇಳ್ಬೇಕು. ಮಧ್ಯಾಹ್ನ ಅಂಗಳದಲ್ಲಿ ಬಿಸಿಲು ಎಲ್ಲಿಗೆ ಬರ್ತಿತ್ತು ಅಪ್ಪ? ಮರದ ಬುಡದ ತನಕವೋ, ಮೆಟ್ಟಿಲ ತನಕವೋ? ನಾನು ಶಾಲೆಯಲ್ಲಿರ್ತಿದ್ದೆ, ನೆನಪೇ ಇಲ್ಲ."

ಧನ್ನೂನ್ ಬಾಯಿ ತೆರೆದ. ಹಾಳೆಯ ಮೇಲೆ ಬೆರಳಿಡಲು ಹೋದ. ಬೆರಳು ಮರದಿಂದ ಮೆಟ್ಟಿಲಿಗೆ, ಮೆಟ್ಟಿಲಿಂದ ಕಂಬಕ್ಕೆ ಗಾಳಿಯಲ್ಲೇ ಅಲೆಯಿತು, ಎಲ್ಲೂ ಇಳಿಯಲಿಲ್ಲ. ಆ ಮನೆಯ ನಸುಕು ಅವನಿಗೆ ಗೊತ್ತಿತ್ತು, ಸಂಜೆ ಗೊತ್ತಿತ್ತು. ಅವನು ಕೈಯನ್ನು ಹಿಂದಕ್ಕೆ ತೆಗೆದುಕೊಂಡ.

"ನಿಮ್ಮಮ್ಮನ್ನ ಕೇಳಮ್ಮ," ಎಂದ. "ಮಧ್ಯಾಹ್ನ ನಾನು ಜನರೇಟರ್ ಹತ್ರ ಇರ್ತಿದ್ದೆ."